ಬೀರುವಿನಲ್ಲಿ ಉಳಿದ ಬರಹ: ಸಾಮಾನ್ಯ ಮುಸ್ಲಿಮರು ತಮ್ಮ ಬದುಕಿನ ಬಗ್ಗೆ ಬರೆದಿಟ್ಟದ್ದನ್ನು ಹುಡುಕಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಹೇಳಿ, ನೀವು ಹುಡುಕುತ್ತಿರುವುದು ಏನು?

ನಾನು ಶಿಡ್ಲಘಟ್ಟದವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮದು ರೇಷ್ಮೆ ಗೂಡು ಬಿಚ್ಚುವ ಮನೆ, ಅಬ್ಬಾ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಆಗಿದ್ದರು. ಅವರು ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಎಡಗಡೆಯಿಂದ ತೆರೆದರೆ ಕನ್ನಡದಲ್ಲಿ ಲೆಕ್ಕ. ಯಾವ ದಿನ ಎಷ್ಟು ಕೆಜಿ ಗೂಡು, ಏನು ರೇಟು, ಯಾರಿಗೆ ಎಷ್ಟು ಕೂಲಿ ಬಾಕಿ. ಅದೇ ಪುಸ್ತಕವನ್ನು ತಿರುಗಿಸಿ ಬಲಗಡೆಯಿಂದ ತೆರೆದರೆ ಉರ್ದು. ಅಲ್ಲಿ ಲೆಕ್ಕ ಇಲ್ಲ. ದಾದಿಗೆ, ಅಂದರೆ ಅಬ್ಬಾ ಅವರ ತಾಯಿಗೆ, ಕಣ್ಣು ಮಂಜಾದದ್ದು, ನನಗೆ ದಡಾರ ಬಂದದ್ದು, ಮಳೆಗೆ ಶೆಡ್ಡಿನ ಶೀಟು ಹಾರಿಹೋದದ್ದು, ಒಂದು ದಿನ ಯಾರೊಂದಿಗೂ ಮಾತಾಡಲು ಮನಸ್ಸಾಗದೆ ಕೆರೆ ಏರಿ ಮೇಲೆ ಕೂತು ಬಂದದ್ದು.

ಅಬ್ಬಾ ಕೆರೆ ಏರಿ ಮೇಲೆ ಒಬ್ಬರೇ ಕೂರುತ್ತಿದ್ದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತೈದು ವರ್ಷ ಇದ್ದರೂ.

ಅವತ್ತಿನಿಂದ ನಾನು ಇಂಥ ಬರಹ ಹುಡುಕುತ್ತಿದ್ದೇನೆ. ಸಾಮಾನ್ಯ ಮುಸ್ಲಿಮರು ತಮ್ಮ ದಿನದ ಬದುಕನ್ನು ತಾವೇ ಬರೆದಿಟ್ಟದ್ದು. ಡೈರಿ, ಕಾಗದ, ಲೆಕ್ಕದ ಪುಸ್ತಕದ ಅಂಚು, ಅಡುಗೆ ಚೀಟಿ, ಯಾವುದಾದರೂ ಸರಿ. ಭಾನುವಾರ ನಾಲ್ಕೈದು ಜನ ಸೇರಿ ಓದುತ್ತೇವೆ. ಅಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸಾಮಾನ್ಯ ಮುಸ್ಲಿಮರು ಅಂದರೆ ಯಾರು?

ಟಿವಿಯಲ್ಲಿ ಕೂತು ಮಾತಾಡದವರು. ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗುವ ರೀಲರ್, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹಿಡಿಯುವ ಹೆಂಗಸು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಕೋಲಾರದ ಟೊಮೆಟೊ ಲಾರಿ ಓಡಿಸುವವರು, ತುಮಕೂರಿನಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಖಾಲಾ, ಟೈಲರ್, ವೆಲ್ಡರ್, ನರ್ಸ್, ಅಂಗನವಾಡಿ ಟೀಚರ್, ಬ್ಯಾಂಕಿನ ಕ್ಲರ್ಕ್. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 13 ಜನ ಮುಸ್ಲಿಮರು. ಅಷ್ಟು ಜನರಲ್ಲಿ ತಮ್ಮ ದಿನ ಹೇಗೆ ಕಳೆಯಿತು ಅಂತ ಹೇಳುವ ದನಿ ನಿಮಗೆ ಎಷ್ಟು ಕೇಳಿಸಿದೆ? ಅವರ ಬಗ್ಗೆ ಬೇರೆಯವರು ಹೇಳಿದ್ದು ಬೇಕಾದಷ್ಟಿದೆ. ಅವರೇ ಹೇಳಿದ್ದು ಕಡಿಮೆ, ಅಲ್ವಾ?

ಕನ್ನಡದಲ್ಲಿ ದೊಡ್ಡ ಮುಸ್ಲಿಂ ಲೇಖಕರೇ ಇದ್ದಾರಲ್ಲ. ಅವರನ್ನು ಓದಿದರೆ ಸಾಲದೇ?

ಅವರನ್ನು ಖಂಡಿತ ಓದಿ. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ನಿಸಾರ್ ಅಹಮದ್ ಅವರ ಕವಿತೆ ಹಾಡದ ಶಾಲೆ ಇಲ್ಲ. ಸಾರಾ ಅಬೂಬಕ್ಕರ್ ಇಲ್ಲದಿದ್ದರೆ ನನ್ನಂಥ ಎಷ್ಟೋ ಹೆಣ್ಣುಮಕ್ಕಳಿಗೆ ಬಾಯಿ ಬರುತ್ತಿರಲಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ.

ಆದರೆ ಕಥೆಗಾರರಿಗೆ ಕಥೆ ಬೇಕು. ಏನಾದರೂ ನಡೆಯಬೇಕು. ಸುಮ್ನೆ ಕಳೆದುಹೋಗುವ ದಿನ ಅಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನನ್ನ ಅಬ್ಬಾ ಪುಸ್ತಕದಲ್ಲಿ ಮೂರು ವಾರ ಏನೂ ನಡೆಯುವುದಿಲ್ಲ. ಗೂಡು ತಂದರು, ಬೇಯಿಸಿದರು, ಬಿಚ್ಚಿದರು. ಕರೆಂಟು ಹೋಯಿತು, ಬಂತು. ಆ ಮೂರು ವಾರವೂ ಒಬ್ಬ ಮನುಷ್ಯನ ಬದುಕು. ಇದನ್ನು ಓದಿದ ಮೇಲೆ ಎದುರು ಅಂಗಡಿಯ ಭಾಯ್ ಮುಖ ನೋಡುವಾಗ ನಿಮ್ಮ ಕಣ್ಣು ಬದಲಾಗಿರುತ್ತೆ. ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಬರಹ ಎಲ್ಲಿ ಸಿಗುತ್ತೆ? ಲೈಬ್ರರಿಯಲ್ಲಿ ಕೇಳಿದರೆ ಇಲ್ಲ ಅಂದರು.

ಲೈಬ್ರರಿಯಲ್ಲಿ ಇರುವುದು ಅಚ್ಚಾದದ್ದು. ಇದು ಅಚ್ಚಾಗಿಲ್ಲ. ಮನೆಯಲ್ಲೇ ಇರುತ್ತೆ, ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ನಾನು ಕಂಡ ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು ಲೆಕ್ಕದ ಪುಸ್ತಕ. ರೀಲಿಂಗ್ ಮನೆ, ಮಂಡಿ, ಟೈಲರ್ ಅಂಗಡಿ, ಗ್ಯಾರೇಜು, ಎಲ್ಲ ಕಡೆ ದಿನಾ ಬರೆಯುವ ಒಂದು ಪುಸ್ತಕ ಇರುತ್ತೆ. ದಿನಾ ಪೆನ್ನು ಹಿಡಿಯುವ ಕೈ ಒಂದಲ್ಲ ಒಂದು ದಿನ ಲೆಕ್ಕ ಬಿಟ್ಟು ಬೇರೆ ಏನಾದರೂ ಬರೆಯುತ್ತೆ. ಅಂಚು ನೋಡಿ, ಹಿಂದಿನ ಹಾಳೆ ನೋಡಿ. ಚಿಂತಾಮಣಿಯ ಒಬ್ಬ ಟೈಲರ್ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳಿನ ಅಳತೆಯ ಕೆಳಗೆ ಆ ಬಟ್ಟೆ ಯಾವ ಮದುವೆಗೆ, ಯಾಕೆ ಅರ್ಜೆಂಟು, ದುಡ್ಡು ಯಾಕೆ ಕಡಿಮೆ ತೆಗೆದುಕೊಂಡೆ ಅಂತೆಲ್ಲ ಒಂದೊಂದು ಸಾಲು ಬರೆದಿದ್ದರು. ಅದನ್ನು ಓದಿದರೆ ಒಂದು ಬೀದಿಯ ಹದಿನೈದು ವರ್ಷ ಕಣ್ಣ ಮುಂದೆ ಬರುತ್ತೆ.

ಎರಡನೆಯದು ಕಾಗದ. ಗಲ್ಫಿಗೆ ದುಡಿಯಲು ಹೋದವರಿದ್ದ ಮನೆಯಲ್ಲಿ ಕಾಗದದ ಕಟ್ಟು ಇದ್ದೇ ಇರುತ್ತೆ. ಓದು ಬರಹ ಬಾರದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಊರಿನಿಂದ ಉತ್ತರವೂ ಅದೇ ಕ್ಯಾಸೆಟ್ಟಿನಲ್ಲಿ ಹೋಗುತ್ತಿತ್ತು. ನಮ್ಮ ಮಾಮು ಒಬ್ಬರು ಹಾಗೆ ಕಳಿಸಿದ್ದ ಕ್ಯಾಸೆಟ್ಟಿನಲ್ಲಿ ಒಂದು ಬದಿ ಪೂರ್ತಿ ಅಲ್ಲಿನ ಅಡುಗೆಯ ಕಷ್ಟ. ಅನ್ನ ಹೇಗೆ ಮುದ್ದೆ ಆಯಿತು, ರಾಗಿ ಹಿಟ್ಟು ಯಾರಾದರೂ ತರುವವರಿದ್ದರೆ ಕಳಿಸಿ ಅಂತ. ಕೋಲಾರ ಸೀಮೆಯವರಿಗೆ ಮರಳುಗಾಡಿನಲ್ಲೂ ಮುದ್ದೆಯ ನೆನಪು. ಟೇಪು ಹಾಳಾಗುವ ಮೊದಲು ಇಂಥವನ್ನು ಫೋನಿಗೆ ಇಳಿಸಿಕೊಳ್ಳುವುದು ತುಂಬಾ ಅರ್ಜೆಂಟು. ಮನೆಯಲ್ಲಿದ್ದರೆ ಇವತ್ತೇ ಹುಡುಕಿ.

ಆಮೇಲೆ ಮದುವೆ ಖರ್ಚಿನ ಪುಸ್ತಕ, ಮುಯ್ಯಿ ಪುಸ್ತಕ. ಯಾರು ಎಷ್ಟು ಕೊಟ್ಟರು ಅನ್ನುವ ಪಟ್ಟಿಯಲ್ಲಿ ಊರಿನ ಸಂಬಂಧಗಳೆಲ್ಲ ಬಿಚ್ಚಿಕೊಳ್ಳುತ್ತವೆ. ನಮ್ಮ ಅಮ್ಮಿಯ ಮದುವೆಯ ಪಟ್ಟಿಯಲ್ಲಿ ಅರ್ಧದಷ್ಟು ಹೆಸರು ಗೌಡರು, ಶೆಟ್ಟರು, ಆಚಾರ್ರದ್ದು. ಗೂಡು ತಂದುಕೊಡುವ ರೈತರ ಮನೆಯವರು ಅವರು. ಇದನ್ನು ಯಾರೂ ಸೌಹಾರ್ದ ಅಂತ ಹೆಸರಿಟ್ಟು ಮಾಡಿದ್ದಲ್ಲ. ಮದುವೆಗೆ ಕರೆದಿದ್ದರು, ಬಂದಿದ್ದರು, ಅಷ್ಟೇ.

ಮಸೀದಿಯ ಜಮಾತಿನ ಹಳೇ ಕಡತದಲ್ಲೂ ಕೆಲವೊಮ್ಮೆ ಒಳ್ಳೆಯದು ಸಿಗುತ್ತೆ. ಆದರೆ ಅದು ಕಮಿಟಿಯ ಭಾಷೆ, ಮನುಷ್ಯನ ದನಿ ಕಡಿಮೆ.

ಶಿರಾ ಕಡೆ ಹುಡುಕಬಹುದಾ?

ಹುಡುಕಲೇಬೇಕು. ಶಿರಾ 1687ರಿಂದ ಮೊಗಲರ ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಆಗಿತ್ತು. ಅದಕ್ಕೂ ಮುಂಚೆ ಬಿಜಾಪುರದ ಪರವಾಗಿ ಇಲ್ಲಿ ಆಳಿದ ಮಲಿಕ್ ರಿಹಾನ್ ಅವರ ಗೋರಿ, ಹಳೇ ಜಾಮಿಯಾ ಮಸೀದಿ ಈಗಲೂ ಇವೆ. ಹೊರಗಿನಿಂದ ಬಂದವರು ಅವುಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಕಲ್ಲಿನ ಬಗ್ಗೆ ಬರೆದವರು ಬಹಳ ಜನ. ಅದರ ನೆರಳಿನಲ್ಲಿ ಇವತ್ತು ಕಡಲೆಕಾಯಿ ವ್ಯಾಪಾರ ಮಾಡುವವರ ಮನೆಗೂ ಹೋಗಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಹೋಗಿ ಕೇಳಿದರೆ ತಪ್ಪು ತಿಳಿದುಕೊಳ್ಳುವುದಿಲ್ವಾ? ಅದರಲ್ಲೂ ಈ ಕಾಲದಲ್ಲಿ?

ತಿಳಿದುಕೊಳ್ಳಬಹುದು. ಅದರಲ್ಲಿ ಅವರ ತಪ್ಪಿಲ್ಲ. ಯಾರೋ ಬಂದು ಮನೆಯ ಕಾಗದ ಪತ್ರ ಕೇಳಿದರೆ ಹೆದರುವ ಕಾಲ ಇದು. ದಾಖಲೆ ಕೇಳಲು ಬಂದ ಹಾಗೆ ಹೋಗಬೇಡಿ. ಫೈಲು ಹಿಡಿದುಕೊಂಡು, ಫೋನು ಆನ್ ಮಾಡಿಕೊಂಡು ಹೋಗುವುದಂತೂ ಬೇಡವೇ ಬೇಡ.

ಪರಿಚಯದವರ ಮೂಲಕವೇ ಹೋಗಿ. ಮೊದಲ ಸಲ ಚಹಾ ಕುಡಿದು ಬನ್ನಿ, ಏನೂ ಕೇಳಬೇಡಿ. ಎರಡನೇ ಸಲ ನಿಮ್ಮ ಮನೆಯದೇ ಒಂದು ಹಳೇ ಕಾಗದ ತೆಗೆದುಕೊಂಡು ಹೋಗಿ ತೋರಿಸಿ. ನಿಮ್ಮ ಅಜ್ಜಿಯ ಅಡುಗೆ ಚೀಟಿ, ತಾತನ ಪೋಸ್ಟ್ ಕಾರ್ಡು. ಅದನ್ನು ಓದಿ ಹೇಳಿದರೆ ಆ ಮನೆಯ ನಾನಿ ತಾವಾಗಿಯೇ ಟ್ರಂಕು ಎಳೆಯುತ್ತಾರೆ. ಇದು ನನ್ನ ಅನುಭವದಲ್ಲಿ ತಪ್ಪಿದ್ದೇ ಇಲ್ಲ. ಕೊಡುವ ಮೊದಲು ತೆಗೆದುಕೊಳ್ಳುವುದಕ್ಕೆ ಕೈ ಚಾಚಬಾರದು ಅನ್ನುವುದು ನಮ್ಮ ಎಲ್ಲರ ಮನೆಯ ರೂಢಿಯೇ ತಾನೇ?

ವಯಸ್ಸಾದವರನ್ನು ಚಾಚಾ, ಖಾಲಾ ಅಂತಲೇ ಕರೆಯಬೇಕು ಅಂತಿಲ್ಲ. ನಿಮಗೆ ಬಾಯಿಗೆ ಬರುವ ಹಾಗೆ ಅಣ್ಣ, ಅಮ್ಮ ಅಂದರೂ ಚೆನ್ನಾಗಿಯೇ ಇರುತ್ತೆ. ಬಾರದ ಉರ್ದುವನ್ನು ಎಳೆದು ತಂದು ಆಡುವುದಕ್ಕಿಂತ ನಿಮ್ಮ ಕನ್ನಡವೋ ತೆಲುಗೋ ಮೇಲು.

ನನಗೆ ಉರ್ದು ಓದಲು ಬರುವುದಿಲ್ಲ. ಏನು ಮಾಡಲಿ?

ಮೊದಲು ನೋಡಿ, ಅದು ನಿಜವಾಗಿ ಉರ್ದುವೇನಾ ಅಂತ. ನಮ್ಮ ಕಡೆ ಮನೆಯಲ್ಲಿ ಆಡುವುದು ದಖ್ಖನಿ. ಪುಸ್ತಕದ ಉರ್ದುವಿಗೂ ಇದಕ್ಕೂ ದೂರ ಇದೆ. ಬೇಡ ಅನ್ನುವುದಕ್ಕೆ ನಕ್ಕೋ, ಯಾಕೆ ಅನ್ನುವುದಕ್ಕೆ ಕಾಯ್ಕು, ಹೌದು ಅನ್ನುವುದಕ್ಕೆ ಹೌ. ಬಹುವಚನ ಬಂದರೆ ಲೋಗಾಂ, ಬಾತಾಂ. ಆ ನಕ್ಕೋ ಮರಾಠಿಯಿಂದ ಬಂದದ್ದು. ಇನ್ನು ಗೂಡು, ಸೊಪ್ಪು, ಕೂಲಿ ಇವೆಲ್ಲ ಕನ್ನಡದಿಂದಲೇ ಹಾಗೇ ನುಗ್ಗಿವೆ. ನಾಲ್ಕು ದಿನ ಕಿವಿಗೊಟ್ಟರೆ ನಿಮಗೆ ಅರ್ಧ ಅರ್ಥವಾಗುತ್ತೆ.

ಲಿಪಿಯ ವಿಷಯ ಬೇರೆ. ಹಿರಿಯರು ಉರ್ದು ಲಿಪಿಯಲ್ಲಿ ಬರೆಯುತ್ತಾರೆ. ಕನ್ನಡ ಶಾಲೆಗೆ ಹೋದ ನನ್ನ ವಯಸ್ಸಿನವರು ದಖ್ಖನಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ನಾನು ಕಂಡ ಕಾಗದಗಳಲ್ಲಿ ಅಂಥವೇ ಜಾಸ್ತಿ. ಜೋರಾಗಿ ಓದಿದರೆ ಸಾಕು, ಕೇಳಿದವರು ಅರ್ಥ ಹೇಳುತ್ತಾರೆ. ಉರ್ದು ಲಿಪಿಯದ್ದಾದರೆ ಉರ್ದು ಶಾಲೆಯ ಮೇಷ್ಟ್ರನ್ನೋ ಮಸೀದಿಯ ಹಜ್ರತ್ ಅವರನ್ನೋ ಕೇಳಬಹುದು. ಆದರೆ ಮನೆಯ ಒಳಗಿನ ವಿಷಯ ಇರುವ ಕಾಗದವನ್ನು ಮನೆಯವರನ್ನು ಕೇಳದೆ ಮೂರನೆಯವರ ಕೈಗೆ ಕೊಡಬೇಡಿ.

ಒಂದು ಚಿಕ್ಕ ಮಾತು. ಉರ್ದು ಬಲದಿಂದ ಎಡಕ್ಕೆ ಹೋಗುತ್ತೆ. ಹಾಗಾಗಿ ನಿಮಗೆ ಕೊನೆಯ ಪುಟ ಅನ್ನಿಸುವುದೇ ಮೊದಲ ಪುಟ. ಅಬ್ಬಾ ಪುಸ್ತಕದ ಆ ಕಡೆಯನ್ನು ನಾನು ಮೊದಲ ವಾರ ಹಿಂದುಮುಂದಾಗಿ ಓದಿ, ದಾದಿ ತೀರಿಕೊಂಡ ಮೇಲೆ ಅವರಿಗೆ ಕನ್ನಡಕ ಕೊಡಿಸಿದ್ದಾರಲ್ಲ ಅಂತ ಕಂಗಾಲಾಗಿದ್ದೆ.

ಕನ್ನಡ ನಿಮ್ಮ ಮನೆಮಾತಲ್ಲ. ಆದರೂ ಕನ್ನಡದಲ್ಲಿ ಬರೆಯುವುದು ಸಹಜವಾಗಿ ಬರುತ್ತಾ?

ಮಾಸ್ತಿ ಅವರ ಮನೆಮಾತು ತಮಿಳು. ನಮ್ಮ ಮಾಲೂರು ತಾಲ್ಲೂಕಿನವರೇ. ಅವರಿಗೆ ಯಾರಾದರೂ ಈ ಪ್ರಶ್ನೆ ಕೇಳುತ್ತಾರಾ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲಿ ತೆಲುಗು ಆಡಿ ಕನ್ನಡ ಬರೆಯುವವರು ಊರ ತುಂಬ ಇದ್ದಾರೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಗಡಿನಾಡಿನವರ ಬಾಯಿಯೇ ಹಾಗೆ. ನಾನು ಲೆಕ್ಕ ಮಾಡುವುದು ಕನ್ನಡದಲ್ಲಿ, ಮಗುವನ್ನು ಮುದ್ದು ಮಾಡುವುದು ದಖ್ಖನಿಯಲ್ಲಿ, ಬಯ್ಯುವುದು ತೆಲುಗಿನಲ್ಲಿ.

ಪುಟದ ತಲೆಯ ಮೇಲೆ 786 ಅಂತ ಇರುತ್ತೆ. ಅದೇನು?

ಅರಬ್ಬಿ ಅಕ್ಷರಗಳಿಗೆ ಒಂದೊಂದು ಸಂಖ್ಯೆಯ ಬೆಲೆ ಇದೆ. 'ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್' ಅನ್ನುವುದರ ಅಕ್ಷರಗಳನ್ನು ಕೂಡಿದರೆ 786 ಬರುತ್ತೆ. ಕಾಗದ ನೆಲಕ್ಕೆ ಬೀಳಬಹುದು, ಕಾಲಿಗೆ ಸಿಗಬಹುದು. ಅದಕ್ಕೇ ದೇವರ ಹೆಸರಿನ ಬದಲು ಅಂಕಿ ಬರೆಯುತ್ತಾರೆ. ಇದು ಬೇಡ ಅನ್ನುವ ಮೌಲ್ವಿಗಳೂ ಇದ್ದಾರೆ. ಶೆಟ್ಟರ ಅಂಗಡಿ ಪುಸ್ತಕದ ಮೇಲಿನ 'ಶ್ರೀ' ಇದ್ದ ಹಾಗೆ ಅಂದುಕೊಳ್ಳಿ.

ತಾರೀಕೇ ಹಾಕಿರುವುದಿಲ್ಲ. ಯಾವ ಕಾಲದ್ದು ಅಂತ ತಿಳಿಯುವುದು ಹೇಗೆ?

ಇದು ನನಗೆ ತುಂಬಾ ಇಷ್ಟವಾದ ಕೆಲಸ.

ದುಡ್ಡು ನೋಡಿ. ಆಣೆ ಲೆಕ್ಕ ಇದ್ದರೆ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು, ಆ ವರ್ಷ ಏಪ್ರಿಲಿನಲ್ಲಿ ನಯಾ ಪೈಸೆ ಬಂತು. ಹಳಬರು ಆಮೇಲೂ ಕೆಲವು ವರ್ಷ ಆಣೆಯಲ್ಲೇ ಮಾತಾಡಿದರು ಅನ್ನುವುದು ನೆನಪಿರಲಿ. ವಿಳಾಸ ನೋಡಿ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರಿಗೆ ಮುಂಚಿನದು. 'ಕೋಲಾರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕು' ಅಂತ ಇದ್ದರೆ ಬಹುಶಃ 2007ಕ್ಕಿಂತ ಹಿಂದಿನದು, ಆ ವರ್ಷವೇ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು. ನಮ್ಮ ಫುಪ್ಪು (ಸೋದರತ್ತೆ) ಮಾತ್ರ ಈಗಲೂ ಕೋಲಾರ ಜಿಲ್ಲೆ ಅಂತಲೇ ಬರೆಯುತ್ತಾರೆ.

ಎಲ್ಲಕ್ಕಿಂತ ಒಳ್ಳೆಯ ಸುಳಿವು ರಂಜಾನ್. ಇಸ್ಲಾಮಿನ ಚಾಂದ್ರಮಾನದ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಅಧಿಕ ಮಾಸ ಸೇರಿಸಿ ಸರಿಮಾಡುವ ರೂಢಿ ಅಲ್ಲಿ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಾ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತೆ. 2000ದಲ್ಲಿ ಅದು ಡಿಸೆಂಬರಿನ ಚಳಿಯಲ್ಲಿ ಬಂದಿತ್ತು. 2025ರಲ್ಲಿ ಮಾರ್ಚಿನ ಬಿಸಿಲಲ್ಲಿ. ಈಗ ಒಂದು ಕಾಗದದಲ್ಲಿ ಮಾವಿನ ಹಣ್ಣಿನಿಂದ ಇಫ್ತಾರ್ ಮಾಡಿದೆವು, ಸೆಖೆಗೆ ಬಾಯಿ ಒಣಗಿತ್ತು ಅಂತ ಇದೆ ಅಂದುಕೊಳ್ಳಿ. ಮೇ ತಿಂಗಳ ರಂಜಾನ್ 1986ರ ಆಸುಪಾಸಿನಲ್ಲಿ ಬಂದಿತ್ತು, ಮತ್ತೆ 2019ರ ಆಸುಪಾಸಿನಲ್ಲಿ ಬಂತು. ಎರಡರಲ್ಲಿ ಯಾವುದು? ಹಾಲಿನ ರೇಟು ಹೇಳಿಬಿಡುತ್ತೆ. ಸೆಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎಬ್ಬಿಸಿದ್ದು ಫೋನಿನ ಅಲಾರಮ್ಮೋ ಬೀದಿಯಲ್ಲಿ ಕೂಗುತ್ತಾ ಹೋದ ಫಕೀರನೋ ಅನ್ನುವುದೂ ಹೇಳುತ್ತೆ.

ಈ ಲೆಕ್ಕ ಹಿಡಿದು ನಮ್ಮ ಭಾನುವಾರದ ಗುಂಪಿನಲ್ಲಿ ಒಂದು ಅಡುಗೆ ಚೀಟಿಯ ವರ್ಷ ಕಂಡುಹಿಡಿದೆವು. ರಂಜಾನ್ ಹಬ್ಬದ ಶಾವಿಗೆ ಪಾಯಸ ಶೀರ್ ಖುರ್ಮಾಕ್ಕೆ ಬೇಕಾದ ಸಾಮಾನಿನ ಪಟ್ಟಿ, ಪಕ್ಕದಲ್ಲಿ ರೇಟು, ಕೆಳಗೆ 'ಜಡಿಮಳೆ, ಒಲೆ ಹತ್ತುತ್ತಿಲ್ಲ' ಅಂತ. ಆ ಮನೆಯ ಅಜ್ಜಿಯನ್ನು ಕೇಳಿದಾಗ ನಮ್ಮ ಲೆಕ್ಕ ಒಂದು ವರ್ಷ ಮಾತ್ರ ತಪ್ಪಿತ್ತು.

ಇದರಲ್ಲೆಲ್ಲ ಧರ್ಮದ ವಿಷಯವೇ ಜಾಸ್ತಿ ಇರುತ್ತಾ?

ಇರುತ್ತೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಉಪದೇಶ ಕಡಿಮೆ. ಹೊತ್ತಿನ ಲೆಕ್ಕದಲ್ಲಿ ಇರುತ್ತೆ. ಫಜರ್ ಆದಮೇಲೆ ಒಲೆ ಹಚ್ಚಿದೆ, ಅಸರ್ ಹೊತ್ತಿಗೆ ನೂಲು ತೂಕಕ್ಕೆ ಹೋಯಿತು, ಮಗ್ರಿಬ್ ಆದರೂ ಮಗ ಬರಲಿಲ್ಲ. ಗಡಿಯಾರದ ಬದಲು ನಮಾಜು: ಫಜರ್ ನಸುಕಿನದು, ಅಸರ್ ಇಳಿಹೊತ್ತಿನದು, ಮಗ್ರಿಬ್ ಸೂರ್ಯ ಮುಳುಗಿದ ಮೇಲಿನದು. ಇನ್ನು ಸಾಲ ತೀರಿದ ದಿನ ದೇವರನ್ನು ಹೊಗಳುವ ಅಲ್‌ಹಮ್ದುಲಿಲ್ಲಾ, ಸಾಲ ಮಾಡಿದ ದಿನ ದೇವರು ಬಯಸಿದರೆ ಅನ್ನುವ ಇನ್‌ಷಾ ಅಲ್ಲಾಹ್. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋದದ್ದನ್ನು ಒಬ್ಬರು ಬರೆದಿರುತ್ತಾರೆ. ಅದೇ ಮನೆಯ ಕಿರಿಯ ಮಗ, ದರ್ಗಾಕ್ಕೆ ಹೋಗುವುದು ಸರಿಯಲ್ಲ ಅಂತ ಅಮ್ಮನ ಹತ್ತಿರ ಜಗಳವಾಡಿದ್ದನ್ನು ಇನ್ನೊಂದು ಕಡೆ ಬರೆದಿರುತ್ತಾನೆ. ಮುರುಗಮಲ್ಲಕ್ಕೆ ಹಿಂದೂಗಳೂ ಹೋಗುತ್ತಾರೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಒಂದೇ ಮುಸ್ಲಿಂ ಮನೆಯಲ್ಲಿ ಅದರ ಬಗ್ಗೆ ಎರಡು ಅಭಿಪ್ರಾಯ ಇರುತ್ತೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಮೊಹರಂಗೆ ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಅನ್ನುತ್ತಾರಲ್ಲ, ಅದರ ಬಗ್ಗೆಯೂ ಹೀಗೇ. ಒಬ್ಬರಿಗೆ ಬಾಲ್ಯದ ಬಂಗಾರದ ನೆನಪು, ಇನ್ನೊಬ್ಬರಿಗೆ ಬಿಟ್ಟುಬಿಟ್ಟ ರೂಢಿ.

ಹಾಗಾದರೆ ಇದನ್ನೆಲ್ಲ ಓದಿ 'ಮುಸ್ಲಿಮರು ಹೀಗೆ' ಅಂತ ಹೇಳಬಹುದಾ?

ಹೇಳಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ.

ನನ್ನ ಅಬ್ಬಾ ಬರೆದದ್ದು ನನ್ನ ಅಬ್ಬಾ ಬದುಕು. ಪಕ್ಕದ ಮನೆಯ ರೀಲರ್ ಕೂಡ ಮುಸ್ಲಿಮರೇ, ಅದೇ ಮಸೀದಿ, ಅದೇ ಮಾರುಕಟ್ಟೆ, ಆದರೆ ಬೇರೆಯೇ ಮನುಷ್ಯ. ಹೊರಗಿನವರು ನಮ್ಮಲ್ಲಿ ಯಾರನ್ನೇ ಕಂಡರೂ ಇಡೀ ಸಮುದಾಯದ ಪರವಾಗಿ ಉತ್ತರ ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ನನಗೇ ಎಷ್ಟೋ ಸಲ ಹಾಗಾಗಿದೆ. ಎಲ್ಲೋ ದೂರದ ದೇಶದಲ್ಲಿ ಏನೋ ನಡೆದರೆ ನನ್ನ ಕಡೆ ತಿರುಗಿ ನೋಡುತ್ತಾರೆ. ನಾನು ಆ ಹೊತ್ತಿಗೆ ಎಂಟನೇ ಕ್ಲಾಸಿನ ಸಂಧಿ ಪಾಠದ ಪೇಪರ್ ತಿದ್ದುತ್ತಿರುತ್ತೇನೆ. ಡೈರಿ ಬರೆಯುವಾಗ ಮಾತ್ರ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಅಲ್ಲಿ ಆ ಮನುಷ್ಯ ತನ್ನ ಪರವಾಗಿ ಮಾತ್ರ ಮಾತಾಡುತ್ತಾನೆ. ಈ ಬರಹಗಳನ್ನು ನಾನು ಹುಡುಕುವುದು ಅದಕ್ಕೇ. ಓದುವವರು ಮತ್ತೆ ಅವನ ತಲೆ ಮೇಲೆ ಆ ಭಾರ ಹೊರಿಸಿದರೆ ನನಗೆ ತುಂಬಾ ನೋವಾಗುತ್ತೆ.

ಗಲಾಟೆ, ಅವಮಾನ, ಇಂಥವನ್ನು ಬರೆದಿರುತ್ತಾರಾ?

ಬರೆದಿರುತ್ತಾರೆ, ಒಂದೆರಡು ಸಾಲಿನಲ್ಲಿ. ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ಮೇಲೆ 'ಕೊಟ್ಟುಬಿಟ್ಟಿದ್ದೇವೆ' ಅನ್ನಿಸಿಕೊಂಡು ವಾಪಸ್ ಬಂದದ್ದು. ಊರಲ್ಲಿ ಬಂದ್ ಆದ ದಿನ ಮಗಳನ್ನು ಕಾಲೇಜಿಗೆ ಕಳಿಸದೆ ಇದ್ದದ್ದು. ಅದರ ಮರುದಿನವೇ ಗೂಡಿನ ರೇಟು. ಓದುವವರಿಗೆ ಇನ್ನೂ ಬೇಕು ಅನ್ನಿಸುತ್ತೆ, ಏನಾಯಿತು, ಹೇಗನ್ನಿಸಿತು ಅಂತ. ಅವರು ಅಷ್ಟೇ ಬರೆದಿದ್ದಾರೆ. ಕೆದಕಬೇಡಿ. ತಾವಾಗಿ ಹೇಳಿದರೆ ಕೂತು ಕೇಳಿ.

ಹೆಂಗಸರು ಬರೆದದ್ದು ಸಿಗುತ್ತಾ?

ಸಿಗುತ್ತೆ, ತಡವಾಗಿ ಸಿಗುತ್ತೆ. ಗಂಡಸರ ಬರಹ ಅಂಗಡಿಯಲ್ಲಿ, ಮೇಜಿನ ಮೇಲೆ ಇರುತ್ತೆ. ಹೆಂಗಸರದ್ದು ಅಕ್ಕಿ ಡಬ್ಬಿಯ ಕೆಳಗೆ, ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ, ಮಕ್ಕಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ. ಇದು ಬರಹವೇ ಅಲ್ಲ, ಸುಮ್ನೆ ಗೀಚಿದ್ದು ಅಂತ ಅವರೇ ಹೇಳುತ್ತಾರೆ.

ತುಮಕೂರಿನಲ್ಲಿ ಬೀಡಿ ಕಟ್ಟುವ ಒಬ್ಬರು ಖಾಲಾ ನನಗೆ ತಮ್ಮ ಪುಸ್ತಕ ತೋರಿಸಿದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಎಲೆ ಎಷ್ಟು ಬಂತು, ತಂಬಾಕು ಎಷ್ಟು, ಎಷ್ಟು ಬೀಡಿ ಸರಿಯಿಲ್ಲ ಅಂತ ಪಕ್ಕಕ್ಕೆ ತೆಗೆದರು, ಎಲ್ಲ ಬರೆದಿದ್ದಾರೆ. ತಮಗೆ ಮೋಸ ಆಗಬಾರದು ಅಂತ ಶುರು ಮಾಡಿದ ಲೆಕ್ಕ ಅದು. ನಾಲ್ಕನೇ ತಿಂಗಳಿನಿಂದ ಲೆಕ್ಕದ ಕೆಳಗೆ ಒಂದು ಸಾಲು ಬರಲು ಶುರುವಾಗುತ್ತೆ. 'ಇವತ್ತು ಬೆನ್ನು ನೋವು.' 'ಇವತ್ತು ದೊಡ್ಡವಳು ಕಟ್ಟಲು ಕೂತಳು, ಬೇಡ ಓದಿಕೋ ಅಂದೆ.' ಎರಡು ವರ್ಷ ಆದಮೇಲೆ ಒಂದು ದಿನ: 'ದೊಡ್ಡವಳು ಪಾಸು.' ಆ ದಿನ ಬೀಡಿ ಲೆಕ್ಕ ಬರೆದೇ ಇಲ್ಲ. ನಾನು ಕನ್ನಡ ಎಂಎ ಮಾಡಿದವಳು. ಆ ಖಾಲಿ ಬಿಟ್ಟ ಜಾಗದ ಮುಂದೆ ನನಗೆ ಮಾತು ಬರಲಿಲ್ಲ.

ಬರೆದದ್ದೆಲ್ಲ ನಿಜ ಅಂತ ನಂಬಬಹುದಾ?

ನಿಮ್ಮ ಡೈರಿಯಷ್ಟೇ.

ಸಿಕ್ಕಿದ್ದನ್ನು ಬೇರೆಯವರಿಗೆ ಓದಿ ಹೇಳಬಹುದಾ? ಹೆಸರು ಹಾಕಬಹುದಾ?

ಇಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಒಬ್ಬರ ಕಾಗದದಲ್ಲಿ ನಿಂತುಹೋದ ಮಂಗ್ನಿಯ (ನಿಶ್ಚಿತಾರ್ಥದ) ವಿಷಯ ಇತ್ತು. ಮೂವತ್ತು ವರ್ಷದ ಹಿಂದಿನ ಮಾತು, ಈಗ ಯಾರಿಗೆ ಏನು ಅಂತ ಹೆಸರಿಲ್ಲದೆ ಒಂದು ಸಭೆಯಲ್ಲಿ ಓದಿದೆ. ಊರು ಚಿಕ್ಕದು. ಹೆಸರಿಲ್ಲದಿದ್ದರೂ ಎಲ್ಲರಿಗೂ ಗೊತ್ತಾಯಿತು. ಆ ಹೆಣ್ಣುಮಗಳು ಈಗ ಅಜ್ಜಿ. ಮರುದಿನ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು, 'ಬೇಟಿ, ನನ್ನನ್ನು ಒಂದು ಮಾತು ಕೇಳಬಹುದಿತ್ತು' ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು.

ಅವತ್ತಿನಿಂದ ನಾನು ಕಾಗದ ಬರೆದವರನ್ನು ಮಾತ್ರ ಅಲ್ಲ, ಅದರ ಒಳಗೆ ಬರುವವರನ್ನೂ ಕೇಳುತ್ತೇನೆ. ಬರೆದವರು ತೀರಿಕೊಂಡಿದ್ದರೆ ಮಕ್ಕಳನ್ನು ಕೇಳುತ್ತೇನೆ. ಮಕ್ಕಳಲ್ಲಿ ಒಬ್ಬರು ಬೇಡ ಅಂದರೂ ಬೇಡ. ಮೊದಲು ಹೂಂ ಅಂದವರು ಆಮೇಲೆ ಮನಸ್ಸು ಬದಲಾಯಿಸಿದರೆ ಅದಕ್ಕೂ ಹೂಂ. ಮೂಲ ಕಾಗದ ಮನೆಯಲ್ಲೇ ಇರಬೇಕು, ನಮಗೆ ಫೋಟೋ ಸಾಕು. ನಾನು ನಂಬಿ ಕೊಟ್ಟ ಒಂದು ನೋಟ್‌ಬುಕ್ಕು ಒಂದು ಕಚೇರಿಯಿಂದ ವಾಪಸ್ ಬರಲೇ ಇಲ್ಲ. ಆ ಮನೆಯವರ ಮುಖ ನೋಡಲು ನನಗೆ ಇವತ್ತಿಗೂ ಕಷ್ಟ.

ಹಳೇ ಕಾಗದ ಹಾಳಾಗದ ಹಾಗೆ ಇಡುವುದು ಹೇಗೆ?

ಲ್ಯಾಮಿನೇಷನ್ ಮಾಡಿಸಬೇಡಿ. ಒಳ್ಳೆಯದು ಅಂದುಕೊಂಡು ಎಲ್ಲರೂ ಮಾಡುವ ತಪ್ಪು ಅದು, ಆಮೇಲೆ ಬಿಡಿಸಲು ಆಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪು ಬೇಡ, ಹಳದಿಯಾಗಿ ಅಕ್ಷರ ತಿನ್ನುತ್ತೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತವೆ, ಮೆಲ್ಲಗೆ ತೆಗೆದುಬಿಡಿ. ಒಣ ಜಾಗ, ಹತ್ತಿ ಬಟ್ಟೆ, ನೆಲದಿಂದ ಸ್ವಲ್ಪ ಮೇಲೆ. ರೀಲಿಂಗ್ ಮನೆಗಳಲ್ಲಿ ಯಾವಾಗಲೂ ಹಬೆ, ಹಾಗಾಗಿ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಇಡಲೇಬೇಡಿ. ಫೋಟೋ ತೆಗೆಯುವಾಗ ಬೆಳಗಿನ ಬೆಳಕು ಸಾಕು, ಫ್ಲ್ಯಾಷ್ ಬೇಡ. ಒಂದು ಪುಟಕ್ಕೆ ಒಂದು ಫೋಟೋ, ಖಾಲಿ ಪುಟಕ್ಕೂ.

ನಾನು ಮುಸ್ಲಿಂ ಹುಡುಗಿ, ಪಿಯುಸಿ. ನನಗೂ ಬರೆಯಬೇಕು ಅನ್ನಿಸುತ್ತೆ. ಆದರೆ ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಇವತ್ತು ಮನೆಯಲ್ಲಿ ಮೊದಲು ಎದ್ದವರು ಯಾರು? ಅವರು ಎದ್ದು ಮೊದಲು ಏನು ಮಾಡಿದರು? ಅಲ್ಲಿಂದ ಬರಿ ಮಗಳೇ. ನಿನ್ನ ಅಮ್ಮಿ ಆಡುವ ಮಾತನ್ನು ಅವರು ಆಡಿದ ಹಾಗೇ ಬರಿ, ನಕ್ಕೋ ಇದ್ದರೆ ನಕ್ಕೋ ಇರಲಿ. ಯಾರಿಗೋ ಅರ್ಥವಾಗಲಿ ಅಂತ ನಮಾಜ್ ಅಂದರೇನು, ರೋಜಾ ಅಂದರೇನು ಅಂತ ವಿವರಿಸಲು ಹೋಗಬೇಡ. ವಿವರಿಸಲು ಶುರು ಮಾಡಿದ ಕೂಡಲೇ ನಿನ್ನ ದನಿ ಹೋಗಿ ಗೈಡ್ ಪುಸ್ತಕದ ದನಿ ಬರುತ್ತೆ. ನಮ್ಮನ್ನು ಒಳ್ಳೆಯವರು ಅಂತ ತೋರಿಸುವುದಕ್ಕೂ ಬರೆಯಬೇಡ. ಅಣ್ಣನ ಮೇಲೆ ಸಿಟ್ಟು ಬಂದಿದ್ದರೆ ಅದನ್ನೇ ಬರಿ. ಬುರ್ಖಾದ ಬಗ್ಗೆ ಬರೆಯಲೇಬೇಕು ಅಂತಿಲ್ಲ, ಬರೆಯಬಾರದು ಅಂತಲೂ ಇಲ್ಲ. ಕೆಮಿಸ್ಟ್ರಿ ಕಷ್ಟ ಆಗುತ್ತಿದ್ದರೆ ಕೆಮಿಸ್ಟ್ರಿಯ ಬಗ್ಗೆ ಬರಿ.

ತಾರೀಕು ಮಾತ್ರ ಹಾಕು. ನನ್ನಂಥವರಿಗೆ ಆಮೇಲೆ ಮಾವಿನ ಹಣ್ಣು ಹಿಡಿದು ಲೆಕ್ಕ ಹಾಕುವ ಕೆಲಸ ತಪ್ಪುತ್ತೆ.

ನಿಮ್ಮ ಅಬ್ಬಾ ಅವರ ಪುಸ್ತಕ ನೋಡಬಹುದಾ?

ಬನ್ನಿ. ಭಾನುವಾರ ಅಸರ್ ಆದಮೇಲೆ, ಅಂದರೆ ಸಂಜೆ ಐದರ ಹೊತ್ತಿಗೆ ಮನೆಯಲ್ಲಿರುತ್ತೇನೆ. ಲೆಕ್ಕದ ಕಡೆ ಪೂರ್ತಿ ನೋಡಬಹುದು. ಗೂಡಿನ ರೇಟು ಹೇಗೆ ಏರಿ ಇಳಿಯಿತು ಅಂತ ತಿಳಿಯಬೇಕಾದ ರೈತರ ಮಕ್ಕಳು ಆಗಲೇ ಇಬ್ಬರು ಬಂದು ಬರೆದುಕೊಂಡು ಹೋಗಿದ್ದಾರೆ. ಉರ್ದು ಕಡೆಯದ್ದನ್ನು ನಾನು ಓದಿ ಹೇಳುತ್ತೇನೆ. ಅದರಲ್ಲಿ ನಾಲ್ಕು ಹಾಳೆಗಳನ್ನು ಅಮ್ಮಿ ಸೂಜಿ ದಾರದಿಂದ ಅಂಚಿಗೆ ಹೊಲಿದುಬಿಟ್ಟಿದ್ದಾರೆ. ಅವನ್ನು ನಾನೂ ಓದಿಲ್ಲ.